ಒಂದು ಕಡೆ ಸವೆದ ಕಡಲೆಬೀಜ

ಜನಕಪುರಿ, ನವದೆಹಲಿ
ಡಿಸೆಂಬರ್ 2, ಮಂಗಳವಾರ
ಬೆಳಿಗ್ಗೆ ಹನ್ನೊಂದೂವರೆ

ಪ್ರೀತಿಯ ಸುಮಿತ್ರಾ,

ಹೇಗಿದ್ದೀಯ? ನಿನ್ನ ಅಕ್ಕನ ಮಂಡಿ ಆಪರೇಷನ್ ಆಗಿ ಹದಿನೈದು ದಿನವಾಯಿತಲ್ಲ, ಈಗ ಗೋಡೆ ಹಿಡಿಯದೆ ನಡೆಯುತ್ತಾರೆಯೇ? ಅವರನ್ನು ಎಬ್ಬಿಸಿ ಕೂರಿಸುವ ಭರದಲ್ಲಿ ನೀನು ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳುವುದನ್ನು ಮರೆಯುತ್ತೀ ಎಂದು ನನಗೆ ಗೊತ್ತು, ದಯವಿಟ್ಟು ಕಟ್ಟಿಕೋ. ಬಿಪಿ ಮಾತ್ರೆಯನ್ನು ಕಾಫಿಗೆ ಮೊದಲೇ ತೆಗೆದುಕೋ. ದಿನಾ ಫೋನ್ ಮಾಡುವ ಮುದುಕ ಇದ್ದಕ್ಕಿದ್ದಂತೆ ಕಾಗದ ಬರೆಯಲು ಕೂತನಲ್ಲ ಎಂದು ನಿನಗೆ ಗಾಬರಿಯಾಗಬಹುದು. ಕಾರಣ ಇಷ್ಟೇ. ನೀನು ಫೋನನ್ನು ಸ್ಪೀಕರಿಗೆ ಹಾಕಿಟ್ಟು ಅವರೆಕಾಯಿ ಬಿಡಿಸುತ್ತಾ ಮಾತಾಡುವವಳು. ಇವತ್ತಿನ ಮಾತು ನಿನ್ನ ಅಕ್ಕ, ಅವರ ಸೊಸೆ, ಎದುರು ಮನೆಯವರು ಎಲ್ಲ ಸೇರಿ ಕೇಳುವಂಥದ್ದಲ್ಲ. ವಾಟ್ಸಾಪಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕೂತರೆ ಸಿಟ್ಟು ಅರ್ಧಕ್ಕೇ ಆರಿಹೋಗುತ್ತದೆ. ಇವತ್ತು ಅದು ಆರುವುದು ನನಗೆ ಬೇಕಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಬರೆಯುವ ಮೊದಲು ಎದ್ದು ಹೋಗಿ ಕೂಸು ಪ್ರಜ್ವಲನ ಮೂಗಿನ ಬಳಿ ಬೆರಳು ಹಿಡಿದು ನೋಡಿ ಬಂದೆ. ಉಸಿರಾಟ ಸರಿಯಾಗಿದೆ, ನಿದ್ದೆ ಮಾಡುತ್ತಿದ್ದಾನೆ. ಕೆನ್ನೆ ಮಾತ್ರ ಕೆಂಪಗಿದೆ. ಹುಟ್ಟಿದಾಗಿನಿಂದ ಇರುವ ಅದೇ ಇಸುಬೋ, ಈ ಊರಿನ ಒಣ ಚಳಿಗೆ ಬಿರಿದದ್ದೋ, ಅಥವಾ ನಾನು ಹೆದರುತ್ತಿರುವಂಥದ್ದೋ ಗೊತ್ತಾಗುತ್ತಿಲ್ಲ. ತನ್ವಿ ಸ್ಕೂಲಿಗೆ ಹೋಗಿದ್ದಾಳೆ, ಎರಡೂವರೆಗೆ ಬಸ್ಸು ಬರುತ್ತದೆ. ನಿನ್ನ ಮಗ ಯೋಗೀಶ ಎಂದಿನಂತೆ ಸೀನುತ್ತಾ ಗುರುಗ್ರಾಮದ ಮೆಟ್ರೋ ಹಿಡಿದ. ಸೊಸೆ ಅನನ್ಯಾ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಳೆ, ಒಂದು ಗಂಟೆಯವರೆಗೆ ಮೀಟಿಂಗ್. ಹೊರಗೆ ಗಾಳಿ ಬೂದಿಯ ಬಣ್ಣಕ್ಕೆ ತಿರುಗಿದೆ, ಕಿಟಕಿ ತೆಗೆಯುವಂತಿಲ್ಲ. ಕೆಳಗೆ ಗೇಟಿನ ಹತ್ತಿರ ಮೂಂಗ್‌ಫಲಿ ಭಯ್ಯಾನ ಗಾಡಿ ಬಂದು ನಿಂತಿದೆ. ಅವನು ಮರಳಿನಲ್ಲಿ ಕಡಲೆಕಾಯಿ ಹುರಿಯುವ ವಾಸನೆ ಮುಚ್ಚಿದ ಕಿಟಕಿಯಿಂದಲೂ ಒಳಗೆ ಬರುತ್ತಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಹತ್ತು ಗಂಟೆಗೆ ಪ್ರಜ್ವಲ ಹೊಟ್ಟೆ ಉಬ್ಬರಿಸಿಕೊಂಡು ಅಳಲು ಶುರುಮಾಡಿದ. ಅನನ್ಯಾಳ ಮೀಟಿಂಗಿಗೆ ಅಡ್ಡಿ ಬೇಡ, ನೀನು ಮಾಡುವಂತೆ ನಾನೇ ಒಂದಿಷ್ಟು ಬಜೆ ತೇಯ್ದು ನೆಕ್ಕಿಸೋಣ ಎಂದುಕೊಂಡು ನಿನ್ನ ಸಾಣೆಕಲ್ಲು ಮತ್ತು ಆ ತಗಡಿನ ಡಬ್ಬಿ ಇಳಿಸಿದೆ. ಬಜೆ, ಜಾಯಿಕಾಯಿ, ಅಳಲೆಕಾಯಿ, ಉತ್ತುತ್ತೆ, ಎಲ್ಲವೂ ನೀನು ಇಟ್ಟಂತೆಯೇ ಇದ್ದವು. ಅವುಗಳ ಅಡಿಯಲ್ಲಿ ನಿನ್ನ ಹಳೆಯ ಕರವಸ್ತ್ರದ ಒಂದು ಗಂಟು. ಬಿಚ್ಚಿದೆ. ಒಳಗೆ ಹುರಿದು ಸಿಪ್ಪೆ ತೆಗೆದ ಕಡಲೆಬೀಜ. ಒಂದು ಹಿಡಿ ಇಡಿಯಾದವು, ಜೊತೆಗೆ ಹನ್ನೊಂದು ತುಣುಕು. ಆ ಹನ್ನೊಂದೂ ಒಂದು ಕಡೆ ಮಾತ್ರ ಚಪ್ಪಟೆಯಾಗಿ ಸವೆದಿದ್ದವು, ಬಜೆಯ ಬೇರು ತೇಯ್ದು ತೇಯ್ದು ಸವೆಯುತ್ತದಲ್ಲ, ಹಾಗೆಯೇ.

ಮೂವತ್ನಾಲ್ಕು ವರ್ಷ ಸರ್ಕಾರಿ ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಕೂತು ತೊಗರಿಬೇಳೆಯಲ್ಲಿ ಕೇಸರಿಬೇಳೆ, ಮೆಣಸಿನಲ್ಲಿ ಪರಂಗಿ ಬೀಜ ಹುಡುಕಿದವನು ನಾನು. ಇದನ್ನು ತಿಳಿಯಲು ನನಗೆ ಭೂತಗನ್ನಡಿಯೂ ಬೇಕಿರಲಿಲ್ಲ, ಆದರೂ ಹಿಡಿದು ನೋಡಿದೆ. ಇಕ್ಕಳದಲ್ಲಿ ಎತ್ತಿ ಒಂದು ಕವರಿಗೆ ಹಾಕಿ, ಅಂಟಿಸಿ, ಮೇಲೆ ದಿನಾಂಕ ಬರೆದು ಸಹಿ ಮಾಡಿದೆ. ಹಳೆಯ ಚಾಳಿ, ನಗಬೇಡ. ಕಲ್ಲನ್ನು ಕುದಿಯುವ ನೀರಿನಲ್ಲಿ ತೊಳೆದೆ. ಅಡುಗೆಮನೆಯ ಕಟ್ಟೆ, ನಲ್ಲಿಯ ಹಿಡಿ, ಬೀರುವಿನ ಬಾಗಿಲು ಎಲ್ಲ ಒರೆಸಿದೆ. ಪಾತ್ರೆ ಉಜ್ಜುವ ಸ್ಪಂಜನ್ನು ಕಸಕ್ಕೆ ಹಾಕಿದೆ. ಆಗ ಹೊಳೆಯಿತು, ಇಷ್ಟು ದಿನವೂ ಇದೇ ಸ್ಪಂಜಿನಲ್ಲಿ ಈ ಕಲ್ಲನ್ನೂ ತನ್ವಿಯ ತಟ್ಟೆಯನ್ನೂ ತೊಳೆದಿರಬಹುದು. ಬಾಗಿಲ ಹಿಂದೆ, ಅಲರ್ಜಿ ಏರಿದರೆ ಚುಚ್ಚಲೆಂದು ತನ್ವಿಯ ಅಡ್ರಿನಲಿನ್ ಸೂಜಿ ಇರುವ ಕೆಂಪು ಚೀಲ ತೂಗುಹಾಕಿದೆಯಲ್ಲ, ಅದು ಇದೆಯೇ ಎಂದು ಎರಡು ಸಲ ನೋಡಿದೆ.

ಆರು ವರ್ಷದಿಂದ ಈ ಮನೆಯೊಳಗೆ ಒಂದು ಕಡಲೆಬೀಜವೂ ಬಂದಿಲ್ಲ ಎಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗಿದ್ದೇನೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಬಿಸ್ಕತ್ತಿನ ಪೊಟ್ಟಣದಿಂದ ಹಿಡಿದು ಸಾಬೂನಿನವರೆಗೆ ಲೇಬಲ್ ಓದದೆ ಒಳಗೆ ಬಿಟ್ಟವನಲ್ಲ. ಬೆಂಗಳೂರಿನಿಂದ ಬಂದ ನಿನ್ನ ತಮ್ಮನ ಬ್ಯಾಗಿನಲ್ಲಿದ್ದ ಚಿಕ್ಕಿಯನ್ನು ಬಾಗಿಲಲ್ಲೇ ಹಿಡಿದು ವಾಪಸ್ಸು ಕಾರಿನಲ್ಲಿ ಇಡಿಸಿದವನು ನಾನು, ಆ ಸಿಟ್ಟು ಅವನಿಗೆ ಇನ್ನೂ ಇಳಿದಿಲ್ಲ. ಎಂಟು ವರ್ಷದ ತನ್ವಿ ಯಾರು ಏನು ಕೊಟ್ಟರೂ ಮೊದಲು ನನ್ನ ಹತ್ತಿರ ತಂದು "ತಾತಾ, ಪಢ್ ಲಿಯಾ?" ಎಂದು ಕೇಳುತ್ತಾಳೆ. ನಾನು ಓದಿ, ಹ್ಞೂಂ ಎಂದ ಮೇಲೆಯೇ ಬಾಯಿಗೆ ಹಾಕುತ್ತಾಳೆ. ಅಂಥ ಮನೆಯಲ್ಲಿ, ಅಂಥ ಮಗುವಿನ ಅಜ್ಜಿ, ಬಜೆಯ ಡಬ್ಬಿಯಲ್ಲಿ ಕಡಲೆಬೀಜ ಬಚ್ಚಿಟ್ಟು ಎಂಟು ತಿಂಗಳ ಇನ್ನೊಂದು ಮಗುವಿಗೆ ನೆಕ್ಕಿಸಿದ್ದಾಳೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಬೇರೆಯವರ ಮನೆಯ ಬಗ್ಗೆ ಎಷ್ಟು ಸಲ ಅಂದಿದ್ದೆವು, ಲೆಕ್ಕವಿಲ್ಲ.

ನೀನು ಯಾಕೆ ಮಾಡಿದೆ ಎಂಬುದೂ ನನಗೆ ಗೊತ್ತು. ಆಗಸ್ಟಿನಲ್ಲಿ ಊಟಕ್ಕೆ ಕೂತಾಗ ಅನನ್ಯಾ, ಡಾಕ್ಟರ್ ಅಮೂಲ್ಯ ಹೇಳಿದ್ದು ಎಂದು ಒಂದು ಮಾತು ತೆಗೆದಳಲ್ಲ. ಇಸುಬು ಇರುವ ಮಗುವಿಗೆ, ಅದರಲ್ಲೂ ಅಕ್ಕನಿಗೆ ಅಲರ್ಜಿ ಇರುವ ಮನೆಯಲ್ಲಿ, ಕಡಲೆಕಾಯಿಯನ್ನು ದೂರ ಇಡುವ ಬದಲು ಮೊದಲ ವರ್ಷದೊಳಗೇ ಪರೀಕ್ಷೆ ಮಾಡಿಸಿ ತಿನ್ನಿಸಲು ಶುರುಮಾಡಿದರೆ ಅಲರ್ಜಿ ಬರುವ ಸಾಧ್ಯತೆ ಬಹಳ ಕಡಿಮೆ ಎಂದು. ನಾನು ತಟ್ಟೆ ಸರಿಸಿ ಎದ್ದೆ. ಈ ಡಾಕ್ಟರುಗಳು ನಿನ್ನೆ ಒಂದು ಹೇಳುತ್ತಾರೆ, ಇವತ್ತು ಒಂದು ಹೇಳುತ್ತಾರೆ, ಅವರ ಪುಸ್ತಕ ಬದಲಾಗುವವರೆಗೆ ನಮ್ಮ ಮಕ್ಕಳು ಅವರ ಪ್ರಯೋಗದ ಇಲಿಗಳೇ ಎಂದೆ. ಅನನ್ಯಾ ಮತ್ತೆ ಆ ಮಾತು ಎತ್ತಲಿಲ್ಲ. ತನ್ವಿಗೆ ಉಸಿರು ಕಟ್ಟಿದ ಆ ಸಂಜೆಯನ್ನು ಕಂಡವಳು ಅವಳು, ಒಳಗೊಳಗೇ ನನ್ನ ಮಾತಿಗೇ ಒಪ್ಪಿಕೊಂಡಿರುತ್ತಾಳೆ ಎಂದುಕೊಂಡೆ. ನೀನು ಮಾತ್ರ ಪಾತ್ರೆ ಎತ್ತುತ್ತಾ, ಮಣ್ಣಲ್ಲಿ ಆಡಿದ ಮಕ್ಕಳೇ ಗಟ್ಟಿ, ಎಲ್ಲವನ್ನೂ ಒಂದಿಷ್ಟು ನಾಲಿಗೆಗೆ ಮುಟ್ಟಿಸಿದರೆ ಮೈಗೆ ರೂಢಿಯಾಗುತ್ತದೆ ಎಂದು ಗೊಣಗಿದೆ. ಸರೋಜಿನಿ ನಗರದ ಕ್ವಾರ್ಟರ್ಸಿನ ಹಿತ್ತಿಲ ಮಣ್ಣನ್ನು ಮುಷ್ಟಿಗಟ್ಟಲೆ ತಿಂದು ಬೆಳೆದ ನಿನ್ನ ಮಗ ಯೋಗೀಶ ಅಕ್ಟೋಬರಿನಿಂದ ಫೆಬ್ರವರಿವರೆಗೆ ಸೀನುತ್ತಾನೆ, ಧೂಳಿನ ಅಲರ್ಜಿಯಂತೆ. ಆ ಮಣ್ಣು ಅವನನ್ನು ಕಾಯಿತೇ? ಅದೇ ವಾರ ಪತ್ರಿಕೆಯಲ್ಲೂ ಈ ವಿಷಯ ದೊಡ್ಡದಾಗಿ ಬಂದಿತ್ತು, ನೀನು ಆ ಪುಟಕ್ಕಾಗಿ ಹುಡುಕುತ್ತಿದ್ದೆ. ಅದನ್ನು ಚಪ್ಪಲಿ ಗೂಡಿಗೆ ಹಾಸಿದೆ ಎಂದು ಆಗಲೇ ಹೇಳಿದ್ದೇನೆ.

ಇನ್ನೊಂದು ಕಾರಣವೂ ನನಗೆ ಗೊತ್ತು, ನೀನು ಹೇಳುವುದಿಲ್ಲ ಅಷ್ಟೇ. ತನ್ವಿಯ ಮೊದಲ ಸಂಕ್ರಾಂತಿ. ಐದು ತಿಂಗಳ ಕೂಸನ್ನು ಮಣೆಯ ಮೇಲೆ ಅನನ್ಯಾಳ ತೊಡೆಯಲ್ಲಿ ಕೂರಿಸಿ ಎಲಚಿಹಣ್ಣು ಎರೆಯುವ ಶಾಸ್ತ್ರ. ಸರ್ದಾರ್ಜಿಯ ಅಂಗಡಿಯಿಂದ ಎಲಚಿಹಣ್ಣು ತಂದೆ, ಕಬ್ಬು ಕತ್ತರಿಸಿದೆ, ನೀನು ಮೂರು ದಿನ ಕೂತು ಕಡಲೆಬೀಜ ಹುರಿದು, ಬಟ್ಟೆಯಲ್ಲಿ ತಿಕ್ಕಿ ಸಿಪ್ಪೆ ತೆಗೆದು, ಒಂದೊಂದನ್ನೂ ಎರಡು ಹೋಳು ಮಾಡಿ ಎಳ್ಳು, ಬೆಲ್ಲ, ಕೊಬ್ಬರಿಗೆ ಬೆರೆಸಿದ್ದೆ. ತಲೆಯ ಮೇಲೆ ಎರೆದಾದ ಮೇಲೆ ನೀನು ಆ ಎಳ್ಳುಬೆಲ್ಲದ ಪುಡಿಯನ್ನು ಬೆರಳ ತುದಿಯಲ್ಲಿ ಅವಳ ನಾಲಿಗೆಗೆ ಮುಟ್ಟಿಸಲು ಹೋದೆ. ನಾನು ನಿನ್ನ ಕೈ ಹಿಡಿದೆ. ಆಗಿನ ಡಾಕ್ಟರು ಮೂರು ವರ್ಷದವರೆಗೆ ಕಡಲೆಕಾಯಿ ತೋರಿಸಲೂ ಬೇಡಿ ಎಂದು ಬರೆದುಕೊಟ್ಟ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೆನಲ್ಲ, ಅದನ್ನು ತೋರಿಸಿ, ಓದಲು ಬರುವುದಿಲ್ಲವೇ ನಿನಗೆ ಎಂದು ಆರತಿಗೆ ಬಂದ ಹೆಂಗಸರ ಮುಂದೆ ಕೇಳಿದೆ. ತಟ್ಟೆಯನ್ನೇ ಎತ್ತಿಕೊಂಡು ಹೋಗಿ ಗೇಟಿನ ಗಾರ್ಡಿಗೆ ಕೊಟ್ಟುಬಂದೆ. ಎರಡು ದಿನ ನೀನು ನನ್ನ ಜೊತೆ ಮಾತಾಡಲಿಲ್ಲ. ಅಂದರೆ ಈಗ ನೀನು ಹಠ ಸಾಧಿಸುತ್ತಿದ್ದೀಯೇ, ಸುಮಿತ್ರಾ? ಹಠ ಸಾಧಿಸಲು ಕೂಸೇ ಬೇಕಿತ್ತೇ?

ಎರಡು ವರ್ಷ ಬಿಟ್ಟು ಲೋಹ್ರಿ ಹಬ್ಬದ ಬೆಂಕಿಯ ಮುಂದೆ ಪಕ್ಕದ ಮನೆಯವರು ಪ್ರೀತಿಯಿಂದ ತನ್ವಿಯ ಬಾಯಿಗೆ ಕಡಲೆಚಿಕ್ಕಿಯ ಒಂದು ಚೂರು ಇಟ್ಟದ್ದು, ತುಟಿ ಊದಿ ಎರಡು ಬೆರಳಷ್ಟಾಗಿದ್ದು, ಆಟೋದಲ್ಲಿ ಅನನ್ಯಾಳ ಮಡಿಲಲ್ಲಿ ಮಗು ಸಿಳ್ಳೆ ಹಾಕಿದಂತೆ ಉಸಿರೆಳೆದದ್ದು ನಿನಗೂ ನೆನಪಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಅನನ್ಯಾಳಿಗೆ "ಏನು ತಿನ್ನಿಸಿದೆ?" ಎಂದು ಕೇಳಿದ್ದು ಒರಟಾಯಿತು, ಒಪ್ಪುತ್ತೇನೆ. ಅದೆಲ್ಲ ಕಂಡ ಮೇಲೂ ನಿನಗೆ ಈ ಧೈರ್ಯ ಎಲ್ಲಿಂದ ಬಂತು? ಈಗ ಒಂದೊಂದೇ ನೆನಪಾಗುತ್ತಿದೆ. ವಾರಕ್ಕೆ ಮೂರು ದಿನ, ತನ್ವಿ ಸ್ಕೂಲಿಗೆ ಹೋದ ಮೇಲೆ, ಬಿಸಿಲಿಗೆ ಎಂದು ನೀನು ಕೂಸನ್ನು ಎತ್ತಿಕೊಂಡು ಟೆರೇಸಿಗೆ ಹೋಗುತ್ತಿದ್ದೆ, ಕೈಯಲ್ಲೊಂದು ಬಟ್ಟೆಯ ಚೀಲ. ಇಳಿದು ಬಂದ ಕೂಡಲೇ ಅವನ ಅಂಗಿ ಬದಲಾಯಿಸುತ್ತಿದ್ದೆ, ನೀನೂ ಸೀರೆ ಬದಲಾಯಿಸುತ್ತಿದ್ದೆ. ಪಾರಿವಾಳದ ಕೊಳೆ ಎನ್ನುತ್ತಿದ್ದೆ. ನಾನು ನಂಬಿದೆ.

ಈಗ ನಾನು ಏನು ಮಾಡಲಿ ಹೇಳು. ಅನನ್ಯಾಳಿಗೆ ಹೇಳದೆ ಇರುವಂತಿಲ್ಲ, ಮಗು ಅವಳದು. ಹೇಳಿದರೆ ಅವಳು ನಿನ್ನನ್ನು ಮತ್ತೆ ಈ ಮಕ್ಕಳ ಹತ್ತಿರ ಬಿಟ್ಟುಕೊಳ್ಳುವಳೆಂಬ ಭರವಸೆ ನನಗಿಲ್ಲ. ನೀನು ಮೈಸೂರಿನಿಂದ ಹಿಂತಿರುಗಿ ಬರುವ ಬಾಗಿಲನ್ನು ನಾನೇ ಮುಚ್ಚಿದಂತಾಗುತ್ತದೆ. ಹಾಗೆಂದು ಬಾಯಿ ಮುಚ್ಚಿಕೊಂಡರೆ, ನಾಳೆ ಈ ಕೂಸಿಗೇ ತುಟಿ ಊದಿದರೆ, ಏನು ಕೊಟ್ಟಿದ್ದಿರಿ ಎಂದು ಡಾಕ್ಟರ್ ಕೇಳಿದರೆ, ಉತ್ತರ ಗೊತ್ತಿದ್ದೂ ನಾನು ಸುಮ್ಮನೆ ನಿಲ್ಲಬೇಕೇ? ಇಷ್ಟಕ್ಕೆ ಮಾತ್ರ ಉತ್ತರ ಬರೆ. ಯಾವಾಗ ಶುರುಮಾಡಿದೆ, ಎಷ್ಟು ಕೊಟ್ಟೆ, ಒಮ್ಮೆಯಾದರೂ ಅವನ ಮೈ ದದ್ದೆದ್ದಿತೇ, ವಾಂತಿಯಾಯಿತೇ. ಬೇರೆ ಸಮಾಧಾನ ಬೇಡ. ಅವಳ ಮೀಟಿಂಗ್ ಮುಗಿದ ಕೂಡಲೇ ಕವರನ್ನು ಅವಳ ಮುಂದಿಟ್ಟು ಎಲ್ಲ ಹೇಳಬೇಕೆಂದು ತೀರ್ಮಾನಿಸಿದ್ದೇನೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ನಿನ್ನ ಮೇಲೆ ನಾನು ಚಾಡಿ ಹೇಳುತ್ತಿರುವುದು ಇದೇ ಮೊದಲು.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು, ವ್ಯಾಯಾಮ ಬಿಡಬೇಡಿ ಎಂದು ಹೇಳು. ಸಿಟ್ಟಿದ್ದರೂ ನೀನು ನಿನ್ನ ಮೈ ನೋಡಿಕೋ, ಬಿಸಿನೀರು ಕುಡಿ.

ಇಂತು ನಿನ್ನ
ಮುರಳೀಧರ

ಮರೆತ ಮಾತು: ಈಗ ಮೂರು ಗಂಟೆ, ಪೋಸ್ಟಾಫೀಸು ಮುಚ್ಚುವುದರೊಳಗೆ ಬರೆದು ಮುಗಿಸಬೇಕು. ಮೇಲಿನದೆಲ್ಲ ತಪ್ಪು. ಹರಿದುಹಾಕೋಣ ಎನಿಸಿತು, ಆದರೆ ನಮ್ಮ ಲ್ಯಾಬಿನಲ್ಲಿ ತಪ್ಪು ವರದಿಯನ್ನು ಹರಿಯುವಂತಿರಲಿಲ್ಲ, ಕೆಳಗೆ ತಿದ್ದುಪಡಿ ಬರೆದು ಸಹಿ ಹಾಕಬೇಕಿತ್ತು. ನಾನು ನಿನ್ನ ಬಗ್ಗೆ ಏನೇನು ಅಂದುಕೊಂಡೆ ಎಂಬುದು ನಿನಗೆ ಗೊತ್ತಿರಲಿ. ಒಂದು ಗಂಟೆಗೆ ಕವರನ್ನು ಅನನ್ಯಾಳ ಮುಂದಿಟ್ಟೆ. ಅವಳು ಬೆಚ್ಚಿಬೀಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, "ಮಾವ, ಅದನ್ನ ಇಲ್ಲಿ ಕೊಡಿ, ಇವತ್ತು ಮಂಗಳವಾರ. ಅವನಿಗೆ ಕೊಡೋ ದಿನ" ಎಂದಳು. ಸೆಪ್ಟೆಂಬರಿನಲ್ಲಿ ನೀವಿಬ್ಬರೂ ಲಸಿಕೆಗೆಂದು ಹೋದ ದಿನ ಕ್ಲಿನಿಕ್ಕಿನಲ್ಲಿ ಚರ್ಮದ ಪರೀಕ್ಷೆ ಮಾಡಿಸಿದ್ದಂತೆ, ಏನೂ ಬರಲಿಲ್ಲವಂತೆ, ಮೊದಲ ಚಮಚವನ್ನು ಡಾಕ್ಟರ್ ಅಮೂಲ್ಯರ ಎದುರೇ ಕೊಟ್ಟು ಎರಡು ಗಂಟೆ ಅಲ್ಲೇ ಕೂತಿದ್ದಿರಂತೆ. ಅಂದಿನಿಂದ ವಾರಕ್ಕೆ ಮೂರು ಸಲ, ಡಾಕ್ಟರು ಹೇಳಿದ ಅಳತೆಯಲ್ಲಿ, ಟೆರೇಸಿನಲ್ಲಿ. ನೀನು ಹೋದ ಮೇಲೆ ಅವಳೇ ಕೊಡುತ್ತಿದ್ದಾಳೆ. ಈ ಕಲ್ಲಿಗೆ, ಅವನ ಬಟ್ಟಲಿಗೆ ಬೇರೆಯೇ ಸ್ಪಂಜು, ಅದು ಟೆರೇಸಿನ ನಲ್ಲಿಯ ಬಳಿ ಡಬ್ಬದಲ್ಲಿದೆ. ಸಾಣೆಕಲ್ಲು ಯಾಕೆ ಎಂದು ಕೇಳಿದೆ. ಅಂಗಡಿಯಿಂದ ಪೀನಟ್ ಬಟರ್ ಬಾಟ್ಲಿ ತಂದರೆ ನೀವು ಲೇಬಲ್ ಓದ್ತೀರಲ್ಲ ಮಾವ ಎಂದಳು.

ಅಂದರೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯೋಗೀಶನಿಗೂ. ನನ್ನೊಬ್ಬನಿಗೇ ಗೊತ್ತಿಲ್ಲ. ನನ್ನ ಬಾಯಿಗೆ ಹೆದರಿದಿರಾ ಎಂದೆ. ಅವಳು ಹೇಳಿದಳು: "ನಾನು ಹೇಳೋಣ ಅಂದೆ ಮಾವ. ಅತ್ತೆನೇ ಬೇಡ ಅಂದ್ರು. ಬೇಗ ತಿನ್ನಿಸಿದ್ರೆ ಅಲರ್ಜಿ ಬರಲ್ಲ ಅನ್ನೋದು ನಿನ್ನ ಮಾವನಿಗೆ ನಿಜ ಅನ್ನಿಸಿಬಿಟ್ರೆ, ತನ್ವಿಗೆ ಬಂದದ್ದು ತನ್ನಿಂದಲೇ ಅಂದ್ಕೋತಾರೆ, ಆಮೇಲೆ ಅವರು ಊಟ ಬಿಡ್ತಾರೆ, ಗೊತ್ತು ನನಗೆ ಅಂದ್ರು." ತನ್ವಿಗೆ ಅದರಿಂದಲೇ ಬಂತು ಎಂದು ಯಾರಿಂದಲೂ ಹೇಳಲಾಗುವುದಿಲ್ಲ, ಬೇಗ ತಿಂದ ಮಕ್ಕಳಿಗೂ ಕೆಲವರಿಗೆ ಬರುತ್ತದೆ, ತಿನ್ನದ ಎಷ್ಟೋ ಮಕ್ಕಳಿಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ನಾನು ಆಸ್ಪತ್ರೆಯಲ್ಲಿ ಕೇಳಿದ ಆ ಪ್ರಶ್ನೆಗೆ ಅವಳ ಹತ್ತಿರ ಕ್ಷಮೆ ಕೇಳಿದೆ. ಅನ್ನ ಕಲಸುತ್ತಾ ಹ್ಞೂಂ ಎಂದಳು, ಮುಖ ಎತ್ತಲಿಲ್ಲ. ಆಮೇಲೆ ಕವರಿನ ಸೀಲ್ ಒಡೆದೆ, ಅವಳಿಂದ ಸಾಕ್ಷಿ ಸಹಿ ಹಾಕಿಸಿದೆ, ಟೆರೇಸಿಗೆ ಹೋಗಿ ನಾನೇ ತೇಯ್ದೆ. ಪ್ರಜ್ವಲ ಬೆರಳನ್ನೂ ಬಿಡದೆ ನೆಕ್ಕಿದ. ಕೆನ್ನೆ ಅಷ್ಟೇ ಕೆಂಪಗಿದೆ, ಹೆಚ್ಚಾಗಿಲ್ಲ. ಅದು ಚಳಿಗೇ ಅಂತೆ.

ಇನ್ನೊಂದು. ಆ ಪತ್ರಿಕೆಯ ಪುಟ ಚಪ್ಪಲಿ ಗೂಡಿನಲ್ಲಿಲ್ಲ, ನನ್ನ ಪೆನ್ಶನ್ ಕಾಗದಗಳ ಅಡಿಯಲ್ಲಿದೆ. ಆಗಸ್ಟಿನಿಂದ ಎಷ್ಟು ಸಲ ಓದಿದ್ದೇನೋ, ಮಡಿಕೆಯ ಹತ್ತಿರ ಹರಿದಿದೆ. ನಿನಗೆ ಸಿಗಬಾರದೆಂದು ಬಚ್ಚಿಟ್ಟೆ. ನೀನು ಅದನ್ನು ಓದಿ ಆ ಸಂಕ್ರಾಂತಿಯ ತಟ್ಟೆಯನ್ನು ನೆನೆಸಿಕೊಂಡು ನನ್ನ ಮುಖ ನೋಡುತ್ತೀ ಎಂದು ಹೆದರಿದ್ದೆ. ಎರಡೂವರೆಗೆ ತನ್ವಿಯ ಬಸ್ಸು ಬಂತು. ಅಂಗಿ ಬದಲಾಯಿಸಿ, ಮೂರು ಸಲ ಕೈ ತೊಳೆದುಕೊಂಡೇ ಗೇಟಿಗೆ ಹೋಗಿದ್ದೆ. ಅವಳು ಎಂದಿನಂತೆ ಕೈ ಹಿಡಿಯಲು ಬಂದಾಗ ನಾನು ಹಿಂದೆ ಸರಿದುಬಿಟ್ಟೆ. "ಕ್ಯಾ ಹುವಾ ತಾತಾ?" ಎಂದು ಅಲ್ಲೇ ನಿಂತಳು. ಬೀಜ ತೇಯ್ದ ಕೈ ಇದು ಎಂದು ಅವಳಿಗೆ ಹೇಗೆ ಹೇಳುವುದು? ನಿನಗಾದರೆ ತಿಳಿಯುತ್ತದೆ, ಬೇಗ ಬಾ.